ನೀರಿನಡಿಯ ಗೂಡು

ಹೆಚ್ಚಿನ ಆಮೆಗಳು ನೀರಿನಲ್ಲಿ ಬಾಳುವ ಜೀವಿಗಳು. ಆದರೂ ಮೊಟ್ಟೆಯಿಡಲು ನೆಲಕ್ಕೇ ಬರಬೇಕು. ಮೊಟ್ಟೆಗೂ ಗಾಳಿ ಬೇಕಲ್ಲ! ನೀರಿನಲ್ಲಿ ಮುಳುಗಿದರೆ ಒಳಗಿನ ಜೀವ ಉಸಿರುಗಟ್ಟಿ ಸಾಯುತ್ತದೆ. ಜೀವವಿಜ್ಞಾನಿಗಳು ಬಹುಕಾಲ ನಂಬಿದ್ದು ಇದನ್ನೇ. ಆಸ್ಟ್ರೇಲಿಯದ ಉತ್ತರ ತುದಿಯ ಮೂಲನಿವಾಸಿಗಳು ಮಾತ್ರ ಬೇರೊಂದು ಸಂಗತಿ ಬಲ್ಲವರಾಗಿದ್ದರು. ಅಲ್ಲಿನ ಜೌಗಿನಲ್ಲಿರುವ ಉದ್ದ ಕೊರಳಿನ ಆಮೆ ನೀರಿನಡಿಯ ಕೆಸರಿನಲ್ಲೇ ಮೊಟ್ಟೆಯಿಡುತ್ತದೆ ಎನ್ನುತ್ತಿದ್ದರು. ತಲೆತಲಾಂತರದಿಂದ ಆ ಆಮೆಯನ್ನು ಹಿಡಿದು ಉಣ್ಣುತ್ತ ಬಂದವರ ಮಾತು ಅದು.

ವನ್ಯಜೀವಿ ವಿಜ್ಞಾನಿ ರಾಡ್ ಕೆನೆಟ್ ಮತ್ತು ಸಂಗಡಿಗರು ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್‌ಗಳ ನೆರವಿನಿಂದ ಗೂಡುಗಳನ್ನು ಹುಡುಕಿದರು. ಗೂಡುಗಳು ನಿಜಕ್ಕೂ ನೀರಿನಡಿ ಇದ್ದವು. 1993ರಲ್ಲಿ ಇದನ್ನು ಕುರಿತ ಅವರ ಪ್ರಬಂಧ ಪ್ರಕಟವಾಯಿತು. ಗುಟ್ಟು ಇಷ್ಟೆ: ನೀರಿನಡಿ ಆಮ್ಲಜನಕ ಸಿಗದಿರುವಷ್ಟು ಕಾಲ ಭ್ರೂಣ ಬೆಳೆಯದೆ ಹಾಗೆಯೇ ತಡೆದು ನಿಲ್ಲುತ್ತದೆ. ಮಳೆಯಿಲ್ಲದ ಒಣಗಾಲದಲ್ಲಿ ನೀರಿಳಿದು ಕೆಸರು ಒಣಗಿ ಗಾಳಿ ಒಳಹೊಕ್ಕಾಗ ಬೆಳವಣಿಗೆ ಮುಂದುವರಿಯುತ್ತದೆ. ಮತ್ತೆ ಮಳೆ ಬಂದು ನೆಲ ಮೆತ್ತಗಾಗುವ ಹೊತ್ತಿಗೆ ಮರಿಗಳು ಹೊರಡಲು ಸಿದ್ಧ.

ಪ್ರಶ್ನೆ ಯಾರದು?

ಇಂಥ ಕಡೆ ವಿಜ್ಞಾನಿಯ ಕೆಲಸವೇನು? ಮೂಲನಿವಾಸಿಗಳ ತಿಳಿವಳಿಕೆಯನ್ನು ಪ್ರಬಂಧವಾಗಿಸಿ ಊರಿಗೆ ಮರಳುವುದಷ್ಟೇ ಆದರೆ ಅದು ಅರ್ಧ ಕೆಲಸ. ಕೆನೆಟ್ ಅವರ ಮುಂದಿನ ದಾರಿ ಉಳಿದರ್ಧವನ್ನು ತೋರಿಸುತ್ತದೆ.

ಉತ್ತರ ಆಸ್ಟ್ರೇಲಿಯದ ಈಶಾನ್ಯ ಆರ್ನೆಮ್ ಲ್ಯಾಂಡ್, ಯೊಲ್ಙು ಎಂಬ ಮೂಲನಿವಾಸಿ ಜನರ ನಾಡು. ಅವರಿಗೆ ನೆಲ ಬೇರೆ, ಕಡಲು ಬೇರೆ ಅಲ್ಲ. ಎರಡೂ ಹಿರಿಯರಿಂದ ಬಂದ ಹೊಣೆ. ಅದನ್ನು ನೋಡಿಕೊಳ್ಳಲು ಅವರು 1992ರಲ್ಲಿ ಧಿಮುರು ಎಂಬ ಸಂಸ್ಥೆ ಕಟ್ಟಿದರು. ಧಿಮುರು ಎಂದರೆ ಮೂಡಣ ಗಾಳಿ. ಕಡಲಾಮೆಗೆ ಅವರು ಮಿಯಾಪುನು ಎನ್ನುತ್ತಾರೆ. ಅದು ಊಟವೂ ಹೌದು, ಹಾಡು ಮತ್ತು ಆಚರಣೆಗಳಲ್ಲಿ ಬರುವ ಜೀವವೂ ಹೌದು. ತಮ್ಮ ತೀರದಲ್ಲಿ ಮೊಟ್ಟೆಯಿಟ್ಟ ಆಮೆ ಆಮೇಲೆ ಎಲ್ಲಿಗೆ ಹೋಗುತ್ತದೆ? ಅದನ್ನು ಉಳಿಸಿಕೊಳ್ಳಬೇಕಾದವರಿಗೆ ಈ ಪ್ರಶ್ನೆ ದೊಡ್ಡದು.

ಕೆನೆಟ್ ಯೊಲ್ಙು ಸಂಗಡಿಗರೊಂದಿಗೆ ಹಸಿರು ಕಡಲಾಮೆಗಳ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಅಂಟಿಸಿ ಜಾಡು ಹಿಡಿದರು. ಆ ಆಮೆಗಳು ಅಲ್ಲಿನ ಕಾರ್ಪೆಂಟೇರಿಯ ಕೊಲ್ಲಿಯೊಳಗೇ ಉಳಿದವು. ಅಂದರೆ ಅವುಗಳ ಅಳಿವು ಉಳಿವು ಬಹುಮಟ್ಟಿಗೆ ಕೊಲ್ಲಿಯ ಸುತ್ತಲಿನ ಜನರ ಕೈಯಲ್ಲೇ ಇದೆ. ಒಂದೂರಿನವರು ಕಾಪಾಡಿದರೆ ಸಾಲದು, ನೆರೆಯವರೂ ಜೊತೆಗೂಡಬೇಕು. 2004ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಕೆನೆಟ್ ಹೆಸರಿನ ಜೊತೆ ಇಬ್ಬರು ಯೊಲ್ಙು ಲೇಖಕರ ಹೆಸರೂ ಇದೆ.

ಬಲೆ ಬಿಡಿಸುವ ಕೈಗಳು

ಇದೇ ಕೊಲ್ಲಿಯಲ್ಲಿ ಇನ್ನೊಂದು ಕಂಟಕವಿದೆ. ಮೀನುಗಾರಿಕೆ ದೋಣಿಗಳಿಂದ ಕಳಚಿ ಬಿದ್ದ, ಎಸೆದ ಬಲೆಗಳು ಪ್ರವಾಹದೊಂದಿಗೆ ತೇಲುತ್ತ ಆಮೆಗಳನ್ನು ಸಿಕ್ಕಿಸಿಕೊಳ್ಳುತ್ತವೆ. ಹಿಡಿದವರಿಲ್ಲದೆಯೂ ಬೇಟೆಯಾಡುವ ಇವನ್ನು ಭೂತಬಲೆ ಎನ್ನುತ್ತಾರೆ. ಯೊಲ್ಙು ನಾಡಿನ ಆರ್ನೆಮ್ ಭೂಶಿರದ ತೀರಕ್ಕೆ ಇವು ರಾಶಿಯಾಗಿ ಬಂದು ಬೀಳುತ್ತವೆ. ಧಿಮುರು ರೇಂಜರ್‌ಗಳು ತೀರ ಸುತ್ತಿ, ಬಲೆ ಕತ್ತರಿಸಿ, ಜೀವಂತ ಆಮೆಗಳನ್ನು ಕಡಲಿಗೆ ಬಿಡುತ್ತ ಬಂದರು. ಬಲೆಗಳ ಲೆಕ್ಕವನ್ನೂ ಬರೆದಿಟ್ಟರು. ಆ ಲೆಕ್ಕವಿಲ್ಲದಿದ್ದರೆ ದೂರದ ಸರ್ಕಾರಕ್ಕೆ ಈ ಸಂಕಟ ಕಾಣಿಸುವುದಾದರೂ ಹೇಗೆ?

ಮುಂದೆ ಉತ್ತರ ಆಸ್ಟ್ರೇಲಿಯದ ಮೂಲನಿವಾಸಿ ನೆಲ-ಕಡಲು ನಿರ್ವಹಣಾ ಒಕ್ಕೂಟದಲ್ಲಿ ಕೆನೆಟ್ ಕೈಜೋಡಿಸಿದ ಐ-ಟ್ರ್ಯಾಕರ್ ಯೋಜನೆ ಈ ಬರೆದಿಡುವ ಕೆಲಸಕ್ಕೇ ಒದಗಿತು. ಗಸ್ತಿನಲ್ಲಿ ಕಂಡ ಆಮೆ, ಕಡಲಹಸು, ಕಳೆ, ಬಲೆ ಎಲ್ಲವನ್ನೂ ರೇಂಜರ್‌ಗಳು ಅಂಗೈಯಗಲದ ಸಾಧನದಲ್ಲಿ ಜಾಗದ ಗುರುತಿನೊಂದಿಗೆ ದಾಖಲಿಸತೊಡಗಿದರು.

ಇದಕ್ಕೂ ಮೊದಲೇ, 2000ದಲ್ಲಿ, ಧಿಮುರು ನೋಡಿಕೊಳ್ಳುವ ನಾಡು ಮೂಲನಿವಾಸಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅಲ್ಲಿ ಕಾಪಾಡುವವರೂ ತೀರ್ಮಾನಿಸುವವರೂ ಆ ನೆಲದವರೇ. ಇಂಥ ಕಡೆ ವಿಜ್ಞಾನಿಯ ದುಡಿಮೆಯನ್ನು ಪ್ರಬಂಧಗಳ ಎಣಿಕೆಯಿಂದ ಅಳೆಯಲಾಗದು. ಆತ ಊರು ಬಿಟ್ಟ ಮೇಲೆ, ಆಮೆಯ ಲೆಕ್ಕ ಇಡಲು ಅಲ್ಲಿಯವರು ಇನ್ನೊಬ್ಬರ ದಾರಿ ಕಾಯಬೇಕಾಗಿಲ್ಲ ಎಂದರೆ ಆತನ ಕೆಲಸ ಸಾರ್ಥಕ.