ಸಂಶಯದಿಂದ ವಿಶ್ವಾಸಕ್ಕೆ: ಇಮಾಮ್ ಗಝಾಲಿ ಹೇಳಿಕೊಟ್ಟ ಕುರ್‌ಆನ್ ಓದು

ಆಕಾಶದ ನಕ್ಷತ್ರ ಕಣ್ಣಿಗೆ ಒಂದು ದೀನಾರ್ ನಾಣ್ಯದಷ್ಟೇ ಕಾಣುತ್ತದೆ. ಗಣಿತ ಹಿಡಿದು ಲೆಕ್ಕ ಹಾಕಿದರೆ ಅದು ಭೂಮಿಗಿಂತ ದೊಡ್ಡದು. ಹಾಗಾದರೆ ಕಣ್ಣನ್ನು ನಂಬುವುದು ಹೇಗೆ? ಕಣ್ಣಿನ ತಪ್ಪನ್ನು ಬುದ್ಧಿ ಹಿಡಿದುಕೊಟ್ಟಿತು. ನಾಳೆ ಬುದ್ಧಿಯ ತಪ್ಪನ್ನೂ ಹಿಡಿಯುವ ಮತ್ತೊಂದು ಶಕ್ತಿ ಇದ್ದರೆ? ಈ ಪ್ರಶ್ನೆ ಅಬೂ ಹಾಮಿದ್ ಅಲ್ ಗಝಾಲಿ ಅವರನ್ನು ಹತ್ತಿರ ಹತ್ತಿರ ಎರಡು ತಿಂಗಳು ಕಾಡಿತು. ವಾದದಿಂದ ಅದು ಬಗೆಹರಿಯಲಿಲ್ಲ, ದೇವರು ಎದೆಗೆ ಹಾಯಿಸಿದ ಬೆಳಕಿನಿಂದ ಬಗೆಹರಿಯಿತು ಎಂದು ತಮ್ಮ ಆತ್ಮಕಥನ ‘ಅಲ್ ಮುನ್ಕಿದ್ ಮಿನದ್ದಲಾಲ್’ನಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಗಝಾಲಿ 1058ರಲ್ಲಿ ಇಂದಿನ ಇರಾನಿಗೆ ಸೇರಿದ ತೂಸ್‌ನಲ್ಲಿ ಹುಟ್ಟಿದವರು. 1091ರಲ್ಲಿ ಬಗ್ದಾದಿನ ನಿಝಾಮಿಯ್ಯ ಮದ್ರಸದ ಗುರುಪೀಠ ಅವರಿಗೆ ಒಲಿದು ಬಂತು. ಮುನ್ನೂರು ವಿದ್ಯಾರ್ಥಿಗಳು, ದರ್ಬಾರಿನಲ್ಲಿ ಮನ್ನಣೆ, ನಾಡೆಲ್ಲ ಹೆಸರು. 1095ರಲ್ಲಿ ಒಂದು ದಿನ ಪಾಠ ಹೇಳಲು ಕೂತರೆ ನಾಲಗೆಯೇ ಹೊರಳಲಿಲ್ಲ. ತುತ್ತು ಗಂಟಲಿಗೆ ಇಳಿಯಲಿಲ್ಲ. ಇದು ಮನಸ್ಸಿನಲ್ಲಿ ಹುಟ್ಟಿ ಮೈಗೆ ಇಳಿದ ಬೇನೆ ಎಂದು ವೈದ್ಯರು ಕೈಚೆಲ್ಲಿದರು. ತಾನು ಕಲಿಸುತ್ತಿರುವುದು ದೇವರಿಗಾಗಿಯೋ ಕೀರ್ತಿಗಾಗಿಯೋ ಎಂಬ ಅನುಮಾನ ಒಳಗೆ ಕೊರೆಯುತ್ತಿತ್ತು. ಮಕ್ಕಾ ಯಾತ್ರೆಯ ನೆಪ ಹೇಳಿ ಬಗ್ದಾದ್ ಬಿಟ್ಟರು. ದಮಾಸ್ಕಸಿನ ದೊಡ್ಡ ಮಸೀದಿಯ ಮಿನಾರದೊಳಗೆ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂತರು. ‘ಇಹ್ಯಾ ಉಲೂಮುದ್ದೀನ್’ ಎಂಬ ಮಹಾಗ್ರಂಥ ಮೂಡಿದ್ದು ಈ ಅಲೆದಾಟದ ವರ್ಷಗಳಲ್ಲೇ. ಅದರ 40 ಭಾಗಗಳಲ್ಲಿ ಎಂಟನೆಯದು ಕುರ್‌ಆನ್ ಓದುವ ಬಗೆಯನ್ನು ಕುರಿತದ್ದು. ಕುರ್‌ಆನಿನಲ್ಲಿ ಸತ್ಯವನ್ನು ಹುಡುಕಬೇಕೆನ್ನುವವರಿಗೆ ಇಷ್ಟು ನಿಷ್ಠುರವಾದ ಇನ್ನೊಂದು ಮಾರ್ಗದರ್ಶಿ ಸಿಗುವುದು ಕಷ್ಟ.

ಶುಚಿಯಾಗಿರುವುದು, ವಿನಯದಿಂದ ಕೂರುವುದು, ಎಷ್ಟು ದಿನಕ್ಕೆ ಎಷ್ಟು ಓದುವುದು ಮುಂತಾದ ಹೊರಗಿನ ಹತ್ತು ಕ್ರಮಗಳನ್ನು ಅವರು ಮೊದಲು ಹೇಳುತ್ತಾರೆ. ಆಮೇಲೆ ಒಳಗಿನ ಹತ್ತು. ಅವುಗಳಲ್ಲಿ ಮನಸ್ಸಿಟ್ಟು ನೋಡಬೇಕಾದದ್ದು ಅರ್ಥಕ್ಕೆ ಅಡ್ಡ ಬರುವ ಪರದೆಗಳ ಮಾತು. ಅಂಥ ಪರದೆಗಳು ನಾಲ್ಕು ಎನ್ನುತ್ತಾರೆ.

ಮೊದಲನೆಯದು ಉಚ್ಚಾರಣೆಯ ಗೀಳು. ಅಕ್ಷರ ಸರಿಯಾದ ಜಾಗದಿಂದ ಹೊರಟಿತೇ ಇಲ್ಲವೇ ಎಂದು ಒಂದೇ ಪದವನ್ನು ಮತ್ತೆ ಮತ್ತೆ ತಿರುವುತ್ತ ಕೂರುವವನ ಬೆನ್ನಿಗೆ ಒಬ್ಬ ಸೈತಾನನೇ ಇದ್ದಾನೆ, ಓದುಗನ ಗಮನ ಅರ್ಥದ ಕಡೆ ಹೋಗದಂತೆ ಕಾಯುವುದೇ ಅವನ ಕೆಲಸ ಎನ್ನುತ್ತಾರೆ. ತಜ್ವೀದಿನ (ಸರಿಯಾದ ಉಚ್ಚಾರಣೆಯ) ನಿಯಮ ಬೇಡವೆಂದಲ್ಲ, ಅಲ್ಲಿಗೇ ನಿಂತುಬಿಡಬಾರದು. ಎರಡನೆಯದು, ಹಿರಿಯರಿಂದ ಕೇಳಿದ ಒಂದು ಪಂಥದ ಅಭಿಪ್ರಾಯಕ್ಕೆ ಕಣ್ಣುಮುಚ್ಚಿ ಅಂಟಿಕೊಳ್ಳುವುದು. ಸೂಕ್ತವೊಂದು ಹೊಸದೇನನ್ನೋ ಹೊಳೆಯಿಸಿದ ಕೂಡಲೇ, ನಮ್ಮವರು ಹೀಗೆ ಹೇಳಿಲ್ಲವಲ್ಲ ಎಂಬ ಭಯ ಎದ್ದು ಆ ಹೊಳಹನ್ನೇ ನಂದಿಸುತ್ತದೆ. ಆ ಅಭಿಪ್ರಾಯ ಸರಿಯಾಗಿದ್ದರೂ ಪರದೆ ಪರದೆಯೇ ಎಂದು ಗಝಾಲಿ ಹೇಳುವಾಗ ಅವರ ಧೈರ್ಯ ಕಾಣುತ್ತದೆ. ಮೂರನೆಯದು ಅಹಂಕಾರ, ಲೋಭ, ಬಿಡದೆ ಮಾಡುವ ಪಾಪ. ನಾಲ್ಕನೆಯದು ಪಂಡಿತರಿಗೇ ಬರುವಂಥದ್ದು. ಹಳೆಯ ತಫ್ಸೀರ್ (ವ್ಯಾಖ್ಯಾನ) ಒಂದನ್ನು ಓದಿ, ಇಬ್ನು ಅಬ್ಬಾಸ್, ಮುಜಾಹಿದ್ ಮುಂತಾದ ಹಿರಿಯರಿಂದ ಬಂದದ್ದನ್ನು ಬಿಟ್ಟರೆ ಬೇರೆ ಅರ್ಥವೇ ಇಲ್ಲ ಎಂದು ಪುಸ್ತಕ ಮುಚ್ಚುವುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮನಸ್ಸಿಗೆ ಬಂದದ್ದೆಲ್ಲ ಅರ್ಥ ಎನ್ನುವುದಕ್ಕೆ ಗಝಾಲಿ ಸುತರಾಂ ಒಪ್ಪುವುದಿಲ್ಲ. ತನ್ನ ವಾದ ಗೆಲ್ಲಲೆಂದು ಸೂಕ್ತವನ್ನು ತಿರುಚುವವರನ್ನು ಅವರು ಖಂಡಿಸುತ್ತಾರೆ. ಭಾಷೆಯ ನೇರ ಅರ್ಥ ಗಟ್ಟಿಯಾಗದೆ ಒಳ ಅರ್ಥಕ್ಕೆ ಕೈಹಾಕಬಾರದೆನ್ನುತ್ತಾರೆ. ಅರಬಿ ಬಾರದ ಕನ್ನಡಿಗರಿಗೆ ಇದು ಇನ್ನೂ ಮುಖ್ಯ. ಕನ್ನಡದಲ್ಲಿ ಕುರ್‌ಆನಿನ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಎರಡನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ, ಎಲ್ಲಿ ಎರಡೂ ಬೇರೆಯಾಗುತ್ತವೋ ಅಲ್ಲಿ ಬಲ್ಲವರನ್ನು ಕೇಳುವುದು ಒಳ್ಳೆಯ ಕ್ರಮ.

ರಮಝಾನಿನ ತರಾವೀಹ್ ನಮಾಝಿನಲ್ಲಿ ದಿನಕ್ಕೊಂದು ಕಾಂಡದಂತೆ 30 ಕಾಂಡ ಮುಗಿಸುವ ರೂಢಿ ನಮ್ಮ ಅನೇಕ ಮಸೀದಿಗಳಲ್ಲಿದೆ. ಆ ಕೇಳ್ಮೆಗೆ ಅದರದೇ ಸೊಗಸಿದೆ. ಆದರೆ ಇಡೀ ಕುರ್‌ಆನನ್ನು ಮೂರು ದಿನಕ್ಕಿಂತ ಬೇಗ ಓದಿ ಮುಗಿಸಿದವನಿಗೆ ಅದು ಅರ್ಥವಾಗಿರದು ಎಂದು ಪ್ರವಾದಿ ಮುಹಮ್ಮದ್ (ಸ) ಎಚ್ಚರಿಸಿದ್ದು ಹದೀಸಿನಲ್ಲಿದೆ. ಸ್ವತಃ ಅವರು ಒಂದು ಇಡೀ ರಾತ್ರಿ ಒಂದೇ ಸೂಕ್ತವನ್ನು ಮತ್ತೆ ಮತ್ತೆ ಓದುತ್ತ ನಿಂತಿದ್ದರೆಂದು ಅವರ ಸಂಗಾತಿ ಅಬೂ ದರ್ ಹೇಳಿದ್ದಾರೆ. ಐದನೇ ಅಧ್ಯಾಯದ 118ನೇ ಸೂಕ್ತ ಅದು. ತನ್ನ ಜನರನ್ನು ಶಿಕ್ಷಿಸುವುದೂ ಕ್ಷಮಿಸುವುದೂ ನಿನಗೇ ಬಿಟ್ಟದ್ದು ಎಂದು ಪ್ರವಾದಿ ಈಸಾ ದೇವರ ಮುಂದೆ ಮಾಡುವ ಅರಿಕೆ.

ಹೀಗೆ ತಡೆದು ತಡೆದು ಓದಿದರೆ ಏನು ಕಾಣುತ್ತದೆ? ಗಝಾಲಿಯವರ ಸಂಶಯದಲ್ಲಿ ಒಂದು ನಕ್ಷತ್ರವಿತ್ತು. ಕುರ್‌ಆನಿನಲ್ಲೂ ನಕ್ಷತ್ರದಿಂದ ಶುರುವಾಗುವ ಒಂದು ಹುಡುಕಾಟವಿದೆ. ಆರನೇ ಅಧ್ಯಾಯ ‘ಅಲ್ ಅನ್‌ಆಮ್’ನ 76ರಿಂದ 79ನೇ ಸೂಕ್ತಗಳಲ್ಲಿ ಪ್ರವಾದಿ ಇಬ್ರಾಹೀಮ್ (ಅ) ರಾತ್ರಿ ಕವಿದಾಗ ನಕ್ಷತ್ರ ಕಂಡು ಇದೇ ನನ್ನ ಪ್ರಭು ಎನ್ನುತ್ತಾರೆ. ಅದು ಮುಳುಗುತ್ತದೆ. ಆಮೇಲೆ ಚಂದ್ರ, ಆಮೇಲೆ ಸೂರ್ಯ. ಅವೂ ಮುಳುಗುತ್ತವೆ. ಅವಸರದ ಓದಿಗೆ ಒಂದೇ ಮಾತು ಮೂರು ಸಲ ಬಂದಂತೆ ತೋರುತ್ತದೆ. ನಿಧಾನಿಸಿದರೆ ಮೂರು ಸಲವೂ ಅವರ ಉತ್ತರ ಬೇರೆ. ನಕ್ಷತ್ರ ಮುಳುಗಿದಾಗ, ಮುಳುಗುವಂಥವು ತನಗೆ ಹಿಡಿಸವು ಎನ್ನುತ್ತಾರೆ. ಅದು ಒಲವಿನ ಮಾತು. ಚಂದ್ರ ಮುಳುಗಿದಾಗ, ನನ್ನ ಪ್ರಭು ದಾರಿ ತೋರದಿದ್ದರೆ ನಾನು ದಾರಿ ತಪ್ಪಿದವರಲ್ಲಿ ಒಬ್ಬನಾಗುವೆನೆಂಬ ಕಳವಳ. ಹುಡುಕಾಟ ಮುಗಿದಿಲ್ಲ, ಆಗಲೇ ಯಾರನ್ನು ಹುಡುಕುತ್ತಿದ್ದಾರೋ ಅವನ ಬಳಿಯೇ ದಾರಿ ಕೇಳಿಯಾಯಿತು! ಸೂರ್ಯ ಮುಳುಗಿದಾಗ ಅವರ ಮಾತು ತಮ್ಮ ಜನರ ಕಡೆ ತಿರುಗುತ್ತದೆ, ನೀವು ದೇವರಿಗೆ ಸರಿಸಾಟಿ ಮಾಡಿದವುಗಳ ಹಂಗು ನನಗಿಲ್ಲ ಎಂದು. ಇದು ಇಬ್ರಾಹೀಮರ ಸ್ವಂತ ತೊಳಲಾಟವೋ, ಜನರ ನಂಬಿಕೆಯ ಪೊಳ್ಳುತನ ತೋರಿಸಲು ಹೂಡಿದ ವಾದವೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಎರಡು ಅಭಿಪ್ರಾಯಗಳಿವೆ. ಯಾವುದನ್ನು ಹಿಡಿದರೂ ಒಲವು, ಕಳವಳ, ನಿಲುವು ಎಂಬ ಏರಿಕೆ ಹಾಗೇ ಉಳಿಯುತ್ತದೆ.

ಎರಡನೇ ಅಧ್ಯಾಯ ‘ಅಲ್ ಬಕರ’ದ ಒಂದು ಜೋಡಣೆಯೂ ಹೀಗೆಯೇ. ಧರ್ಮದಲ್ಲಿ ಬಲವಂತವಿಲ್ಲ ಎಂದು ಸಾರುವ ಹೆಸರಾಂತ ಸೂಕ್ತ ಅಲ್ಲಿ 256ನೆಯದು. ಜನ ಸಾಮಾನ್ಯವಾಗಿ ಅದೊಂದನ್ನೇ ಎತ್ತಿಕೊಳ್ಳುತ್ತಾರೆ. ಮುಂದಕ್ಕೆ ಓದಿ. 258ರಲ್ಲಿ ಇಬ್ರಾಹೀಮರೊಡನೆ ಒಬ್ಬ ದೊರೆ ವಾದಕ್ಕೆ ಇಳಿದು ಬಾಯಿಕಟ್ಟಿ ನಿಲ್ಲುತ್ತಾನೆ. 259ರಲ್ಲಿ ಹಾಳುಬಿದ್ದ ಊರಿನ ಬಳಿ ಹಾದುಹೋಗುವವನೊಬ್ಬ, ಸತ್ತ ಈ ಊರಿಗೆ ದೇವರು ಮತ್ತೆ ಜೀವ ತುಂಬುವುದು ಹೇಗೆ ಎಂದು ಬೆರಗಾಗುತ್ತಾನೆ. ನೂರು ವರ್ಷ ಸತ್ತು ಮಲಗಿ ಎದ್ದು ಉತ್ತರ ಕಾಣುತ್ತಾನೆ. 260ರಲ್ಲಿ ಇಬ್ರಾಹೀಮರೇ ಸತ್ತವರನ್ನು ಎಬ್ಬಿಸುವ ಬಗೆ ತೋರಿಸು ಎಂದು ಬೇಡುತ್ತಾರೆ. ನಿನಗೆ ವಿಶ್ವಾಸವಿಲ್ಲವೇ ಎಂಬ ಮರುಪ್ರಶ್ನೆಗೆ, ಇದೆ, ಆದರೂ ಮನಸ್ಸಿಗೆ ನೆಮ್ಮದಿ ಬೇಕು ಎನ್ನುತ್ತಾರೆ. ಗದರಿಕೆ ಬರುವುದಿಲ್ಲ. ನಾಲ್ಕು ಹಕ್ಕಿಗಳ ಮೂಲಕ ಉತ್ತರ ಬರುತ್ತದೆ. ಬಲವಂತವಿಲ್ಲ ಎಂದ ಬೆನ್ನಿಗೇ ಕೇಳುವವರ ಸಾಲು. ಪ್ರಶ್ನೆ ಕೇಳಿದರೆ ಈಮಾನ್ (ವಿಶ್ವಾಸ) ಹೋಗಿಬಿಡುತ್ತದೆಂದು ಮಕ್ಕಳನ್ನು ಹೆದರಿಸುವವರು ಈ ಐದು ಸೂಕ್ತಗಳನ್ನು ಒಟ್ಟಿಗೆ ಓದಬೇಕು.

ಓದುಗ ತನ್ನನ್ನು ಎಲ್ಲಿ ಇಟ್ಟುಕೊಂಡು ಓದಬೇಕು? ಕುರ್‌ಆನಿನ ಪ್ರತಿಯೊಂದು ಮಾತೂ ತನಗೇ ಹೇಳಿದ್ದೆಂದು ಬಗೆಯಬೇಕು ಎನ್ನುತ್ತಾರೆ ಗಝಾಲಿ. ಧಣಿಯಿಂದ ಬಂದ ಓಲೆಯನ್ನು ಆಳು ಓದುವಂತೆ, ಅದರಲ್ಲಿ ತನಗೆ ಯಾವ ಕೆಲಸ ಹೇಳಿದೆ ಎಂದು ಹುಡುಕಬೇಕು. ಅವರ ಹತ್ತನೆಯ ಮತ್ತು ಕೊನೆಯ ಕ್ರಮ ಇದಕ್ಕಿಂತ ಕಠಿಣ. ಸಜ್ಜನರನ್ನು ಹೊಗಳುವ ಸೂಕ್ತ ಬಂದಾಗ ತನ್ನನ್ನು ಆ ಸಾಲಿಗೆ ಸೇರಿಸಿಕೊಳ್ಳಬಾರದು, ಅಲ್ಲಿಗೆ ಸೇರಿಸು ಎಂದು ಬೇಡಬೇಕು. ತಪ್ಪಿತಸ್ಥರನ್ನು ತೆಗಳುವ ಸೂಕ್ತ ಬಂದಾಗ ಅದು ತನ್ನನ್ನೇ ಕುರಿತದ್ದೆಂದು ತಿಳಿಯಬೇಕು. ನಮ್ಮಲ್ಲಿ ಹೆಚ್ಚಿನವರು ಓದುವುದು ಇದಕ್ಕೆ ತಿರುವುಮುರುವಾಗಿ. ತೆಗಳಿಕೆಯೆಲ್ಲ ಪಕ್ಕದ ಮನೆಯವರಿಗೆ.

ಈ ಕ್ರಮವನ್ನು ಪರೀಕ್ಷಿಸಿ ನೋಡಲು 107ನೇ ಅಧ್ಯಾಯ ‘ಅಲ್ ಮಾಊನ್’ ಸಾಕು. ಏಳೇ ಸೂಕ್ತ. ಅಂತಿಮ ವಿಚಾರಣೆಯನ್ನು ಸುಳ್ಳೆನ್ನುವವನು ಯಾರು ಎಂಬ ಪ್ರಶ್ನೆಯಿಂದ ಅದು ತೊಡಗುತ್ತದೆ. ನಾಸ್ತಿಕನ ಹೆಸರೋ ಬೇರೆ ಮತದವನ ಹೆಸರೋ ಬರುತ್ತದೆಂದು ಕಾದರೆ, ಅನಾಥ ಮಗುವನ್ನು ದಬ್ಬುವವನನ್ನು ಅದು ತೋರಿಸುತ್ತದೆ. ಮುಂದೆ ಶಾಪ ಬೀಳುವುದು ನಮಾಝ್ ಮಾಡುವವರ ಮೇಲೆಯೇ: ಅದರಲ್ಲಿ ಲಕ್ಷ್ಯವಿಲ್ಲದವರ ಮೇಲೆ, ಹತ್ತು ಜನ ನೋಡಲೆಂದು ಮಾಡುವವರ ಮೇಲೆ, ಚಿಕ್ಕಪುಟ್ಟ ಉಪಕಾರವನ್ನೂ ತಡೆಹಿಡಿಯುವವರ ಮೇಲೆ. ಆ ಚಿಕ್ಕ ಉಪಕಾರ ಯಾವುದೆಂದು ಹಳೆಯ ವ್ಯಾಖ್ಯಾನಕಾರರು ಪಟ್ಟಿ ಕೊಟ್ಟಿದ್ದಾರೆ: ನೆರೆಯವರು ಎರವಲು ಕೇಳುವ ಪಾತ್ರೆ, ಕೊಡಲಿ, ನೀರು ಸೇದುವ ಬಕೆಟು. ಸತ್ಯ ಹುಡುಕುತ್ತ ಹೊರಟ ಓದುಗ ಇಲ್ಲಿ ತನ್ನನ್ನು ತಾನು ಕೇಳಿಕೊಳ್ಳಬೇಕಾದದ್ದು, ಹೋದ ವಾರ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲವೆಂದು ಕಳಿಸಿದ್ದು ಏನನ್ನು, ಯಾಕೆ ಎಂದು.