ಚೌಕಟ್ಟು ಕಾಗದದಲ್ಲಿದ್ದರೆ ಸಾಲದು

ಪ್ರಶ್ನೆ: ಮಾಹಿತಿ ಸುರಕ್ಷತೆಗೆ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯದು, ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001 ಮುಂತಾದ ಚೌಕಟ್ಟುಗಳಿವೆ. ಆದರೂ ದೊಡ್ಡ ಕಂಪನಿಗಳ ದತ್ತಾಂಶ ಸೋರುವುದೇಕೆ?

ಉತ್ತರ: ಚೌಕಟ್ಟು ಏನು ಮಾಡಬೇಕೆಂದು ಹೇಳುತ್ತದೆ, ಯಾರು, ಯಾವ ಯಂತ್ರದಲ್ಲಿ, ಯಾವಾಗ ಮಾಡಬೇಕೆಂಬುದನ್ನು ಸಂಸ್ಥೆಯೇ ನಿಶ್ಚಯಿಸಬೇಕು. ಜನರ ಸಾಲದ ಇತಿಹಾಸ ದಾಖಲಿಸುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯ ಪ್ರಕರಣ ನೋಡಿ. 2017ರ ಮಾರ್ಚ್‌ನಲ್ಲಿ ಜಾಲತಾಣ ಅಪ್ಲಿಕೇಶನ್‌ಗಳಲ್ಲಿ ಬಳಸುವ ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ದೋಷಕ್ಕೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ತುಣುಕು, ಬಂತು. ಅದನ್ನು ಹಾಕಿಕೊಳ್ಳುವಂತೆ ಕಂಪನಿಯೊಳಗೆ ಸೂಚನೆಯೂ ಹೊರಟಿತು. ಆದರೆ ಆ ತಂತ್ರಾಂಶ ಎಲ್ಲೆಲ್ಲಿ ಓಡುತ್ತಿದೆ ಎಂಬ ಪೂರ್ಣ ಪಟ್ಟಿ ಇರಲಿಲ್ಲ. ಗ್ರಾಹಕರ ತಕರಾರು ಸ್ವೀಕರಿಸುವ ಪೋರ್ಟಲ್‌ಗೆ ಪ್ಯಾಚ್ ತಲುಪಲಿಲ್ಲ. ಜಾಲದ ಸಂಚಾರ ಪರೀಕ್ಷಿಸುವ ಸಾಧನವಿತ್ತು, ಆದರೆ ಅದರ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದಿದ್ದರಿಂದ ಗೂಢಲಿಪೀಕೃತ ಸಂಚಾರವನ್ನು ಅದು ಪರೀಕ್ಷಿಸುತ್ತಿರಲಿಲ್ಲ. ಮೇ ತಿಂಗಳಲ್ಲಿ ನುಗ್ಗಿದ ಕಳ್ಳರ ಸುಳಿವು ಜುಲೈ ಕೊನೆಯವರೆಗೂ ಸಿಗಲಿಲ್ಲ, ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು.

ಹಾಗಾದರೆ ಚೌಕಟ್ಟೇ ವ್ಯರ್ಥವೆನ್ನಬಹುದೇ? ಇಲ್ಲ. ಯಂತ್ರ, ತಂತ್ರಾಂಶ, ದತ್ತಾಂಶಗಳಂಥ ಆಸ್ತಿಯನ್ನು ಗುರುತಿಸುವುದು, ರಕ್ಷಿಸುವುದು, ದಾಳಿಯನ್ನು ಪತ್ತೆಹಚ್ಚುವುದು ಎಂದು ಎನ್‌ಐಎಸ್‌ಟಿ 2014ರಲ್ಲೇ ಹೇಳಿದ್ದ ಕೆಲಸಗಳಲ್ಲೇ ಇಲ್ಲಿ ಲೋಪವಾದದ್ದು. 2024ರ ಪರಿಷ್ಕರಣೆ ಇವುಗಳ ಜೊತೆಗೆ ಆಡಳಿತವನ್ನೂ ಸೇರಿಸಿ, ಹೊಣೆ ಮೇಲಧಿಕಾರಿಗಳದ್ದೂ ಹೌದೆಂದು ಸ್ಪಷ್ಟಪಡಿಸಿತು. ಸಣ್ಣ ಸಂಸ್ಥೆಗೆ ಇದೆಲ್ಲ ಹೊರೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಡೀ ಚೌಕಟ್ಟನ್ನು ಒಂದೇ ಸಲಕ್ಕೆ ಅಳವಡಿಸಬೇಕಿಲ್ಲ. ಕಳೆದುಕೊಂಡರೆ ವ್ಯವಹಾರವೇ ನಿಲ್ಲುವಂಥ ದತ್ತಾಂಶ ಯಾವುದು, ಎಲ್ಲಿದೆ, ಅದಕ್ಕೆ ಯಾರು ಹೊಣೆ ಎಂಬುದನ್ನು ಮೊದಲು ಬರೆದಿಡಿ. ಹಾಕಿದ ರಕ್ಷಣೆ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಪರೀಕ್ಷಿಸಿ. ಐಎಸ್‌ಒ ಪ್ರಮಾಣಪತ್ರ ಆಮೇಲೆ ಬರಲಿ.