ಮರ ಕಡಿಯುವ ಮುನ್ನ ಬಳ್ಳಿಯ ಲೆಕ್ಕ



ಕಳೆದ ಮಹಾಸಭೆಯಲ್ಲಿ ಅಡಿಕೆಯ ಧಾರಣೆಗಿಂತಲೂ ಹೆಚ್ಚು ಸಲ ಕೇಳಿಬಂದ ಪ್ರಶ್ನೆ ಒಂದಿತ್ತು: "ಬೇರೆ ಸೊಸೈಟಿಗಳಲ್ಲೆಲ್ಲ ಹೊಸ ಸಾಫ್ಟ್‌ವೇರ್ ಬಂತು, ನಮ್ಮಲ್ಲಿ ಯಾಕೆ ಇನ್ನೂ ಹಳೆಯದೇ?" ಪ್ರಶ್ನೆ ನ್ಯಾಯವಾದದ್ದು. ಸಭೆಯ ಗಡಿಬಿಡಿಯಲ್ಲಿ ಅರ್ಧ ಉತ್ತರ ಕೊಟ್ಟೆವು. ಉಳಿದರ್ಧವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲಿಗೆ ನಮ್ಮ ಕೈಯಿಂದಾದ ತಪ್ಪನ್ನು ಹೇಳಿಬಿಡುವುದು ಲೇಸು. ಕಳೆದ ವರ್ಷ ಸಂಘದ ಸಾಫ್ಟ್‌ವೇರಿಗೆ ಒಂದು ಪರಿಷ್ಕರಣೆ ಹಾಕಿಸಿದೆವು. ಮರುದಿನ ಬಿಲ್ಲು ಬಂತು, ಪಾಸ್‌ಬುಕ್ ಅಚ್ಚಾಯಿತು. ಎಲ್ಲವೂ ಸರಿಯಿದೆ ಎಂದುಕೊಂಡೆವು. ಆದರೆ ಸಾಲದ ಗಡುವು ಹತ್ತಿರವಾದಾಗ ಸದಸ್ಯರ ಮೊಬೈಲಿಗೆ ತಾನಾಗಿ ಹೋಗುತ್ತಿದ್ದ ಸಂದೇಶ ಅಂದಿನಿಂದಲೇ ನಿಂತುಹೋಗಿತ್ತು. ಅದು ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಇಬ್ಬರು ಸದಸ್ಯರು ಗಡುವು ದಾಟಿದರು. ಶೂನ್ಯ ಬಡ್ಡಿಯ ಬೆಳೆ ಸಾಲದ ಸವಲತ್ತು ಸಕಾಲಕ್ಕೆ ಮರುಪಾವತಿ ಮಾಡಿದವರಿಗೆ ಮಾತ್ರ. ಅವರಲ್ಲಿ ಒಬ್ಬರು ವಯಸ್ಸಾದ ತಾಯಿ, ಎರಡು ಎಕರೆ ಅಡಿಕೆ ತೋಟದವರು. "ಪ್ರತಿ ವರ್ಷ ಮೆಸೇಜು ಬರುತ್ತಿತ್ತಲ್ಲ ಸೆಕ್ರೆಟ್ರಿಯವರೇ, ಈ ಸಲ ಬರಲೇ ಇಲ್ಲ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ರಿಯಾಯಿತಿ ಸರಕಾರದ್ದು, ಗಡುವು ಮೀರಿದ ಮೇಲೆ ಅದನ್ನು ಮರಳಿ ಕೊಡಿಸುವುದು ನಮ್ಮ ಕೈಯಲ್ಲಿರಲಿಲ್ಲ.

ಇದು ಹೇಗಾಯಿತು? ಪೇಟೆಯಿಂದ ತಂದ ಸಾಫ್ಟ್‌ವೇರಿಗೆ ನಮ್ಮೂರ ವ್ಯವಹಾರ ತಿಳಿದಿರುವುದಿಲ್ಲ. ಶಂಕರಪುರದಲ್ಲಿ ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಮಾರುತ್ತೇವೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಿಲೋ ಮಾತ್ರ ಬಲ್ಲ ಯಂತ್ರಕ್ಕೆ ಇದನ್ನು ಯಾರಾದರೂ ಕಲಿಸಬೇಕು. ಹಾಗೆಯೇ ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಎಂಬ ದರ್ಜೆಗಳನ್ನೂ ಕಲಿಸಬೇಕು. ಘಟ್ಟದ ಮೇಲಿನ ಸದಸ್ಯರ 50 ಕಿಲೋ ಚೆರಿ ಚೀಲದಿಂದ ಎಷ್ಟು ಕಿಲೋ ಕಾಫಿ ಬೀಜ ಇಳಿಯುತ್ತದೆ ಎಂಬ ಔಟ್‌ಟರ್ನ್ ಲೆಕ್ಕವನ್ನೂ ಕಲಿಸಬೇಕು. ವರ್ಷ ವರ್ಷವೂ ನಾವು ಇಂಥವನ್ನು ಒಂದೊಂದಾಗಿ ಜೋಡಿಸಿಕೊಂಡು ಬಂದೆವು. ತೂಕದ ಯಂತ್ರದಿಂದ ನೇರ ಬಿಲ್ಲಿಗೆ, ಪಿಗ್ಮಿ ಯಂತ್ರದಿಂದ ಠೇವಣಿ ಖಾತೆಗೆ, ಸಾಲದ ಪುಸ್ತಕದಿಂದ ಮೊಬೈಲ್ ಸಂದೇಶಕ್ಕೆ ದಾರಿ ಮಾಡಿಸಿದೆವು. ಮಾಡಿಕೊಟ್ಟ ಹುಡುಗರು ಬೇರೆ ಬೇರೆ. ಈಗ ಹೆಚ್ಚಿನವರು ಊರಲ್ಲಿಲ್ಲ.

ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮರ ಮುದಿಯಾಯಿತೆಂದು ಕಡಿದರೆ ಬಳ್ಳಿಯೂ ನೆಲಕ್ಕೆ ಬೀಳುತ್ತದೆ. ಬುದ್ಧಿವಂತ ಕೃಷಿಕ ಮೊದಲು ಬಳ್ಳಿಯ ಕುಡಿಯನ್ನು ಬೇರೆ ಮರದ ಬುಡಕ್ಕೆ ನೆಟ್ಟು, ಅದು ಚಿಗುರಿದ ಮೇಲೆ ಹಳೆಯ ಮರಕ್ಕೆ ಕತ್ತಿ ಹಾಕುತ್ತಾನೆ. ನಾವು ಕಳೆದ ವರ್ಷ ಬಳ್ಳಿಯನ್ನು ನೋಡದೆ ಮರಕ್ಕೆ ಕೈ ಹಚ್ಚಿದೆವು.

ದೊಡ್ಡವರೂ ಹೀಗೆ ಎಡವಿದ್ದುಂಟು. ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕು 2018ರ ಏಪ್ರಿಲಿನ ಒಂದೇ ವಾರಾಂತ್ಯದಲ್ಲಿ ತನ್ನ ಸುಮಾರು 50 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಿತು. ಸೋಮವಾರ ಬೆಳಗಾಗುವಾಗ ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ಪರೀಕ್ಷೆ ಸಾಲದೆ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದ್ದು ತಪ್ಪೆಂದು ಮುಂದೆ ತನಿಖೆ ಹೇಳಿತು. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ ಬಿದ್ದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಹೆಚ್ಚು.

ಮಾದರಿಯಾಗಬಲ್ಲ ಉದಾಹರಣೆ ನಮ್ಮೂರಿನ ಹತ್ತಿರದ್ದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಪಿಗ್ಮಿ ಠೇವಣಿಯನ್ನು ಮನೆಮಾತಾಗಿಸಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು ಅದೇ ದಿನ ರದ್ದಾಗಲಿಲ್ಲ. 2021ರ ಜೂನ್ ಕೊನೆಯ ವರೆಗೂ ನಡೆದವು. ಸಂಬಳ ಕೊಡುವ ಕಚೇರಿಗಳು, ನಮ್ಮಂಥ ಸಂಘಗಳು ತಮ್ಮ ಪುಸ್ತಕದಲ್ಲಿ ಸಂಕೇತ ತಿದ್ದಿಕೊಳ್ಳಲು ಒಂದು ವರ್ಷಕ್ಕೂ ಮಿಕ್ಕಿ ಸಮಯ ಸಿಕ್ಕಿತು. ಹಳೆಯದೂ ಹೊಸದೂ ಕೆಲಕಾಲ ಜೊತೆಯಲ್ಲಿ ನಡೆಯಬೇಕೆಂಬುದೇ ಇದರ ಪಾಠ.

ಹಾಗಾದರೆ ಹಳೆಯದರಲ್ಲೇ ಇದ್ದುಬಿಡೋಣವೇ? ಅದೂ ಕ್ಷೇಮವಲ್ಲ. ನಮ್ಮ ಕೌಂಟರಿನ ಗಣಕಯಂತ್ರಗಳಲ್ಲಿರುವ ವಿಂಡೋಸ್ 10ಕ್ಕೆ ತಯಾರಕರ ಉಚಿತ ರಕ್ಷಣಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಒಂದು ಸಂಸ್ಥೆಯ ಮೇಲೆ ಸುಲಿಗೆಕೋರರ ದಾಳಿಯಾದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಹೊರಗಿಡಬೇಕಾಯಿತು. ಬೇಲಿ ಜೀರ್ಣವಾದ ತೋಟಕ್ಕೆ ಹಂದಿ ನುಗ್ಗುವುದು ನಿಶ್ಚಯ.

ಬೇರೆ ಸೊಸೈಟಿಗಳ ಮಾತಿಗೆ ಬರೋಣ. ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಅಂಗೀಕರಿಸಿತು. ದೇಶಕ್ಕೆಲ್ಲ ಒಂದೇ ಸಾಮಾನ್ಯ ಸಾಫ್ಟ್‌ವೇರ್ ಇದರ ತಿರುಳು. ಮೊದಲೇ ಗಣಕೀಕರಣವಾದ ಸಂಘಕ್ಕೆ 50,000 ರೂಪಾಯಿ ಮರುಪಾವತಿಯೂ ಇತ್ತು; ಆದರೆ ಅದು ಸಾಮಾನ್ಯ ಸಾಫ್ಟ್‌ವೇರಿಗೆ ಹೊಂದಿಕೊಳ್ಳಲು ಒಪ್ಪಬೇಕೆಂಬ ಷರತ್ತಿನ ಮೇಲೆ. ಬರಿಯ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದ ಸಂಘಕ್ಕೆ ಹೊಸದು ಹಾಕುವುದು ಸುಲಭ. ಸಾಲ, ಖರೀದಿ ಎರಡನ್ನೂ ಯಂತ್ರದಲ್ಲಿ ಹೆಣೆದುಕೊಂಡ ನಮಗೆ ಅಷ್ಟು ಸುಲಭವಲ್ಲ. ತಡಕ್ಕೆ ಕಾರಣ ಇದು.

ಇನ್ನು ನಾವು ಮಾಡಬೇಕೆಂದಿರುವುದು. ಮೊದಲನೆಯದು ಪಟ್ಟಿ. ನಾಲ್ಕೈದು ಜೋಡಣೆಗಳಿರಬಹುದೆಂದು ಬರೆಯಲು ಕುಳಿತವರು ಹನ್ನೊಂದರ ತನಕ ಬರೆದೆವು. ಪ್ರತಿಯೊಂದನ್ನೂ ಯಾರು ಮಾಡಿದ್ದು, ನಿಂತರೆ ಯಾರಿಗೆ ನಷ್ಟ, ಸರಿಯಿದೆಯೆಂದು ತಿಳಿಯುವುದು ಹೇಗೆ ಎಂದು ಈಗ ಕಾಗದದ ಮೇಲಿದೆ. ಅವುಗಳಲ್ಲಿ ಮೂರು ಯಾರಿಗೂ ಬೇಡದವು, ಅವನ್ನು ಕೈಬಿಡುತ್ತೇವೆ.

ಎರಡನೆಯದು ಪರೀಕ್ಷೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ಚೂರಿ ಅದ್ದಿ ನೋಡದೆ ಯಾರೂ ಮದ್ದು ಬಿಡುವುದಿಲ್ಲ. ಚೂರಿ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಹಾಗೆಯೇ ಲೆಕ್ಕದ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಹಾಕಿ, ಅಲ್ಲಿ ಹೊಸ ಸಾಫ್ಟ್‌ವೇರ್ ನಡೆಸಿ, ಹನ್ನೊಂದರಲ್ಲಿ ಉಳಿದ ಎಂಟನ್ನೂ ನೋಡುವುದು. ಬಿಲ್ಲು ಬಂತೆಂದು ತೃಪ್ತರಾಗದೆ, ಸಂದೇಶ ಸದಸ್ಯರ ಮೊಬೈಲಿಗೆ ತಲಪಿತೇ ಎಂದು ಕೇಳಿ ತಿಳಿಯುವುದು.

ಮೂರನೆಯದು ಕಾಲ. ಮಾರ್ಚ್ ಆಖೈರಿನಲ್ಲಿ ಬೇಡ, ಕೊಯ್ಲಿನಲ್ಲಿ ಬೇಡ, ಕರೆಂಟು ನಿಲ್ಲದ ಆಷಾಢದ ಮಳೆಯಲ್ಲಂತೂ ಬೇಡವೇ ಬೇಡ. ಮಹಾಸಭೆ ಮುಗಿದ ಮೇಲೆ ಅಕ್ಟೋಬರವೇ ಸೂಕ್ತ. ಒಂದು ತಿಂಗಳು ಹಳೆಯದೂ ಹೊಸದೂ ಜೊತೆಯಾಗಿ ನಡೆದು, ಪ್ರತಿ ಸಂಜೆ ಎರಡರ ಮೊತ್ತ ತಾಳೆಯಾಗಬೇಕು. ತಾಳೆಯಾಗದಿದ್ದರೆ ಹಿಂದಕ್ಕೆ ಬರುವ ದಾರಿ ತೆರೆದೇ ಇರಬೇಕು. ಲೆಕ್ಕದ ಒಂದು ಪ್ರತಿ ಕಚೇರಿಯ ಹೊರಗೂ ಇರುತ್ತದೆ. ಅದು ನಿಜಕ್ಕೂ ತೆರೆಯುತ್ತದೆಯೇ ಎಂದೂ ನೋಡುತ್ತೇವೆ.

ಸದಸ್ಯರಲ್ಲಿ ನಮ್ಮ ವಿಜ್ಞಾಪನೆ ಮೂರು. ಸಂಘಕ್ಕೆ ಬಂದಾಗ ನಿಮ್ಮ ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕಿನ ಸಂಕೇತ ಸರಿಯಿದೆಯೇ ಎಂದು ನೋಡಿಸಿಕೊಳ್ಳಿ. ಬದಲಾವಣೆ ಮುಗಿಯುವ ತನಕ ತೂಕದ ಚೀಟಿ, ರಶೀದಿಗಳನ್ನು ಎಸೆಯಬೇಡಿ. ಸಾಲದ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಹಾಕಿಡಿ. ನಾವೂ ಈ ವರ್ಷ ಸಂದೇಶವನ್ನೇ ನೆಚ್ಚದೆ ಅಂಚೆ ಕಾರ್ಡು ಹಾಕಲಿದ್ದೇವೆ.

ಮೊದಲ ಕಾರ್ಡನ್ನು ಆ ತಾಯಿಯ ಹೆಸರಿಗೆ ಬರೆದಿದ್ದೇವೆ.

— ಕಾರ್ಯದರ್ಶಿ